ಮರಳು ಕೇಳುವ ಪ್ರಶ್ನೆ

ಪತ್ರ ಬಂದಾಗ ನಾನು ದಾವಣಗೆರೆಯಲ್ಲಿದ್ದೆ,
ಮಾಮುವಿನ ಮಂಡಕ್ಕಿ ಭಟ್ಟಿಯೊಳಗೆ
ಹೊಟ್ಟಿನ ಚೀಲದ ಮೇಲೆ ಕೂತು ಚಹಾ ಕುಡಿಯುತ್ತ.
ಫೋನಿನಲ್ಲಿ ಮೂರೇ ಸಾಲು:
ನಿಮ್ಮ ಸರದಿ ಸಂಖ್ಯೆ ಇನ್ನೂರ ಹದಿನಾಲ್ಕು ಬಂದಿದೆ.
ಒಂದನೇ ತಾರೀಕಿನಿಂದ ದೊಡ್ಡ ಕಂಪನಿ, ದೊಡ್ಡ ವಿಮಾನ.
ಸಂದರ್ಶನ ಇರುವುದಿಲ್ಲ.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿದೆ.

ಒಂಬತ್ತು ವರ್ಷ ಎಪ್ಪತ್ತು ಸೀಟಿನ ಫ್ಯಾನಿನ ವಿಮಾನ.
ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮತ್ತೆ ಹುಬ್ಬಳ್ಳಿ.
ನನ್ನೂರಲ್ಲಿ ಮಾತ್ರ ಎಂದೂ ಇಳಿದಿಲ್ಲ, ಇಳಿಯಲು ನಿಲ್ದಾಣವಿಲ್ಲ.
ಬೆಳಗಿನ ಹೊತ್ತು ಮೋಡವಿಲ್ಲದಿದ್ದರೆ
ಕೆಳಗೆ ಕಪ್ಪು ಹೊಗೆ ಕಾಣುತ್ತಿತ್ತು;
ಅದೇ ನಮ್ಮ ಮಾಮುವಿನ ಭಟ್ಟಿ ಎಂದು ಪಕ್ಕದವರಿಗೆ ತೋರಿಸುತ್ತಿದ್ದೆ,
ಅಷ್ಟೂ ಭಟ್ಟಿಗಳಲ್ಲಿ ಯಾವುದೋ ಒಂದನ್ನು.

ದೊಡ್ಡ ಕಂಪನಿಗೆ ನೇರ ಸೇರಿದವರು ನಮ್ಮದನ್ನು
ಹಿಂಬಾಗಿಲು ಅನ್ನುತ್ತಾರೆ.
ನನಗೆ ಆಗೆಲ್ಲ ಹರಪನಹಳ್ಳಿಯ ಕೊಟ್ರೇಶ ನೆನಪಾಗುತ್ತಾನೆ.
ಅಡ್ಡಗಾಳಿಯಲ್ಲಿ ವಿಮಾನವನ್ನು ಓರೆಯಾಗಿ ಹಿಡಿದು ತಂದು
ತುಂಬಿದ ಹಾಲಿನ ಪಾತ್ರೆಯ ಹಾಗೆ ನೆಲಕ್ಕಿಡುತ್ತಿದ್ದವನು.
ಬೇರೆ ಕಂಪನಿಗಳ ಸಂದರ್ಶನಕ್ಕೆ ಮೂರು ಸಲ ಹೋದ.
ನಿಮ್ಮ ವೀಕ್‌ನೆಸ್ ಏನು ಎಂದು ಕೇಳಿದರಂತೆ.
ಗಾಬರಿಗೆ ಅವ್ವನ ನಿಶ್ಶಕ್ತಿ, ಟಾನಿಕ್ಕಿನ ಬಾಟಲಿ ನೆನಪಾಗಿ
ಏನಿಲ್ಲ ಸರ್, ಗಟ್ಟಿಯಾಗಿದ್ದೀನಿ, ಅಂದು ಎದ್ದು ಬಂದ.
ಅವನ ಸಂಖ್ಯೆ, ನೂರ ಎಂಬತ್ತು, ಬಂದ ದಿನ
ಡಿಪಾರ್ಚರ್ ಗೇಟಿನಲ್ಲಿ ಲಡ್ಡು ಹಂಚಿದ್ದು ನಾನು.

ನೂರ ಎಂಬತ್ತರ ಹಿಂದೆ ನೂರ ಎಂಬತ್ತೊಂದು ಇರುತ್ತದೆ.

"ಯಾರೂ ಏನೂ ಕೇಳಲ್ವಂತೆ ಮಾಮು."
ದಾದಾಪೀರ್ ಮಾಮು ಕಡಾಯಿಯ ಮರಳು ತಿರುವುತ್ತಲೇ ಇದ್ದರು.
ಹನ್ನೊಂದನೇ ವಯಸ್ಸಿಗೆ ಹೊಟ್ಟು ಹೊರಲು ಬಂದವರು,
ಆಮೇಲೆ ಜರಡಿ, ಆಮೇಲೆ ಉಪ್ಪುನೀರು,
ಕಡಾಯಿಯ ಮುಂದೆ ಕೂರಲು ಹದಿನಾಲ್ಕು ವರ್ಷ.
"ನಿಮಗೆ ಯಾರು ಕೇಳಿದ್ರು?"
"ಮರಳು ಕೇಳ್ತದೆ ಬೇಟಿ. ದಿನಾ ಕೇಳ್ತದೆ.
ಸುಳ್ಳು ಹೇಳಿದ್ರೆ ಅಕ್ಕಿ ಅಕ್ಕಿಯಾಗೇ ಉಳೀತದೆ,
ಇಲ್ಲಾ ಕರಕಲಾಗ್ತದೆ."

ಒಂದು ಘಾಣ ಇಳಿಸಿದರು. ಜರಡಿ ಆಡಿತು.
"ಖಾಜಾಹುಸೇನನ ಸರದೀನೂ ಬಂದಿತ್ತು. ಕೂರಿಸಿದೆ.
ಅವನ ಕಣ್ಣು ಮಂಜಾಗಿದ್ದು ನನಗೆ ಗೊತ್ತಿತ್ತು.
ಸುಟ್ಟಿದ್ದು ಅವನ ಕೈ ಅಲ್ಲ.
ಪಕ್ಕದಲ್ಲಿದ್ದ ಹುಡುಗಂದು."
ಆ ಹುಡುಗನ ಹೆಸರು ಹೇಳಲಿಲ್ಲ ಅವರು.

ಮತ್ತೆ ಕಡಾಯಿಗೆ ಅಕ್ಕಿ ಬಿತ್ತು, ಚಟಪಟ ಎದ್ದಿತು.
ಆ ಸದ್ದಿನೊಳಗಿಂದಲೇ ಕೇಳಿದರು:
"ಅವ್ರು ಕೇಳಲ್ಲ ಅಂದ್ರೆ ನಾನು ಕೇಳ್ತೀನಿ.
ಪುಸ್ತಕದಲ್ಲಿ ಬರೀದೇ ಬಿಟ್ಟಿದ್ದು ಒಂದು ಹೇಳು."

ಹೇಳಿದೆ.
ಬೆಳಗಾವಿ, ಜುಲೈ, ಸಂಜೆ. ನಾನಾಗ ಬಲಗಡೆ ಸೀಟಿನವಳು.
ಮೋಡ ಸೀಳಿ ಕೆಳಗಿಳಿದಾಗ ದೀಪಗಳು ಎಲ್ಲಿರಬೇಕೋ ಅಲ್ಲಿರಲಿಲ್ಲ.
ಎಡಗಡೆಯವನ ಕೈ ಕಲ್ಲಾಗಿತ್ತು. ಕರೆದೆ, ಕೇಳಿಸಲಿಲ್ಲ.
ಕಸಿದುಕೊಂಡೆ, ಮೇಲೆತ್ತಿದೆ, ಸುತ್ತು ಹಾಕಿಸಿ ಇಳಿಸಿದೆ.
ಅವನು ಮಾತಿನ ಮಲ್ಲ, ಪ್ರಯಾಣಿಕರಿಗೆ ಮೈಕಿನಲ್ಲಿ
ಬೆಳಗಾವಿಯ ಕುಂದಾದ ಬಗ್ಗೆ ತಮಾಷೆ ಮಾಡಿದ.
ಆಮೇಲೆ ಇಬ್ಬರೂ ಕಾಫಿ ಕುಡಿದೆವು.
ವರದಿ ಅವನು ಬರೆಯಲಿಲ್ಲ. ನಾನೂ.
ಸಂದರ್ಶನವಿದ್ದಿದ್ದರೆ ಅವನು ಎಲ್ಲರಿಗಿಂತ ಮೊದಲೇ ಪಾಸಾಗುತ್ತಿದ್ದ,
ಅಂದೆ, ಸ್ವಲ್ಪ ಜೋರಾಗಿಯೇ.

"ಇರಬಹುದು. ಈಗ ಅವನ ಹಿಂದೆ ಎಷ್ಟು ಸೀಟು?"
"ನೂರ ಎಂಬತ್ತಾರು."

ಪಾಸೂ ಇಲ್ಲ, ಫೇಲೂ ಇಲ್ಲ.
ಜರಡಿಯಿಂದ ಬಿಸಿ ಮಂಡಕ್ಕಿ ಎತ್ತಿ
ನನ್ನ ಬೊಗಸೆ ತುಂಬ ಸುರಿದರು.
ತೊಡೆಯ ಮೇಲೆ ಫೋನು ಬೆಳಗುತ್ತಿತ್ತು,
ಒಪ್ಪಿಗೆ ಇದ್ದರೆ ಇಲ್ಲಿ ಒತ್ತಿ ಎಂದು.
ಒತ್ತಲು ಕೈ ಖಾಲಿ ಇರಲಿಲ್ಲ.